ಒಂದೇ ಆಫೀಸು, ಮೂರು ದರ್ಜೆ: ಸಾಫ್ಟ್‌ವೇರ್ ಲೈಸೆನ್ಸ್ ಬೆರೆಸುವ ಕ್ರಮ

ಶಿರಸಿಯ ಮಾರುಕಟ್ಟೆ ಯಾರ್ಡಿನಲ್ಲಿ ಯಾರೂ ವರ್ಷದ ಅಡಿಕೆ ಬೆಳೆಯನ್ನೆಲ್ಲ ಒಂದೇ ಗುಡ್ಡೆ ಹಾಕಿ ಟೆಂಡರಿಗೆ ಇಡುವುದಿಲ್ಲ. ಅಡಿಕೆಯ ದರ್ಜೆಗಳಲ್ಲಿ ರಾಶಿ ಬೇರೆ, ಬೆಟ್ಟೆ ಬೇರೆ, ಚಾಲಿ ಬೇರೆ. ಕೆಂಪುಗೋಟು, ಬಿಳೆಗೋಟು, ಕೋಕ ಒಂದೊಂದಕ್ಕೂ ಅದರದ್ದೇ ದರ. ಆರಿಸುವ ಕೆಲಸದಲ್ಲಿ ಇಷ್ಟು ನಿಷ್ಠುರವಾಗಿರುವ ಜನ, ಆಫೀಸಿಗೆ ಸಾಫ್ಟ್‌ವೇರ್ ಕೊಳ್ಳುವಾಗ ಮಾತ್ರ ಎಲ್ಲರಿಗೂ ಒಂದೇ ಲೈಸೆನ್ಸ್ ತಂದು ಸುರಿಯುತ್ತಾರೆ. "ಎಲ್ಲಾ ಒಂದೇ ನಮೂನೆ ತಗಂಡ್ರೆ ತಲೆಬಿಸಿ ಇಲ್ಲೆ ಅಲ್ದ?" ಎಂದು ನನ್ನನ್ನು ಕೇಳಿದವರು ಒಬ್ಬಿಬ್ಬರಲ್ಲ. ತಲೆಬಿಸಿ ಇಲ್ಲ ಎನ್ನುವುದು ನಿಜ. ದುಡ್ಡು ಹೋಗುತ್ತದೆ ಎನ್ನುವುದೂ ಅಷ್ಟೇ ನಿಜ.

ಇದಕ್ಕೆ ತದ್ವಿರುದ್ಧದ ಆಫೀಸುಗಳನ್ನೂ ನೋಡಿದ್ದೇನೆ. ಅಲ್ಲಿ ಯಾರೂ ಯೋಚಿಸಿ ಬೆರೆಸಿರುವುದಿಲ್ಲ, ಹತ್ತು ವರ್ಷದಲ್ಲಿ ತಾನಾಗಿಯೇ ಬೆರೆತು ಹೋಗಿರುತ್ತದೆ. ಶಿರಸಿಯಲ್ಲಿ ಒಂದು ಆವೃತ್ತಿ, ಕುಮಟಾದ ಗೋದಾಮಿನಲ್ಲಿ ಇನ್ನೊಂದು, ಕಾರವಾರದ ಶಾಖೆಯಲ್ಲಿ ಯಾರೋ ಪೆನ್‌ಡ್ರೈವಿನಲ್ಲಿ ತಂದು ಹಾಕಿದ ಮೂರನೆಯದು. ಅಂಥ ಒಂದು ವ್ಯಾಪಾರದ ಸಂಸ್ಥೆಯನ್ನು ಸರಿಮಾಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಮೂರು ಊರು, 38 ಜನ. ಆಗ ಮಾಡಿದ ಕೆಲಸವನ್ನೇ ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ. ಸೊಸೈಟಿ, ಲಾಡ್ಜು, ನರ್ಸಿಂಗ್ ಹೋಮ್, ಸಾಗಾಟದ ಆಫೀಸು ಯಾವುದೇ ಇರಲಿ, ಕ್ರಮ ಇದೇ.

ಮೊದಲು ಇರುವುದರ ಪಟ್ಟಿ

ಹೊಸದನ್ನು ಕೊಳ್ಳುವ ಮಾತು ಆಮೇಲೆ. ಒಂದು ಎಕ್ಸೆಲ್ ಹಾಳೆ ತೆಗೆದು ಏಳು ಕಾಲಂ ಹಾಕಿ: ಯಾರು, ಯಾವ ಊರಿನ ಆಫೀಸು, ಯಾವ ಯಂತ್ರ, ಯಾವ ಸಾಫ್ಟ್‌ವೇರು, ಯಾವ ದರ್ಜೆ, ಯಾವ ಇಮೇಲ್ ಐಡಿಯಲ್ಲಿ ಕೊಂಡದ್ದು, ರಿನ್ಯೂವಲ್ ಎಂದು. ಫೋನಿನಲ್ಲಿ ಕೇಳಿ ತುಂಬಬೇಡಿ. "ನಮ್ಮಲ್ಲಿ ಎಲ್ಲಾ ಒರಿಜಿನಲ್" ಎಂಬ ಉತ್ತರ ಬರುತ್ತದೆ. ಯಂತ್ರದ ಮುಂದೆ ಕೂತು ನೋಡಿ. ವಿಂಡೋಸ್ ಹೋಮ್ ಇದೆಯೋ ಪ್ರೊ ಇದೆಯೋ ಎಂಬುದು ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರೊಳಗೆ ಅಬೌಟ್ ಎಂಬಲ್ಲಿ ಸಿಗುತ್ತದೆ. ವರ್ಡ್ ಅಥವಾ ಎಕ್ಸೆಲ್ ತೆರೆದು ಫೈಲ್, ಅಕೌಂಟ್ ಒತ್ತಿದರೆ ಅದು ಯಾವ ಎಂಎಸ್ ಆಫೀಸ್, ಯಾರ ಹೆಸರಿನಲ್ಲಿದೆ ಎಂದು ಕಾಣುತ್ತದೆ. ಲೆಕ್ಕ ಬರೆಯುವ ಸಾಫ್ಟ್‌ವೇರಾದ ಟ್ಯಾಲಿ ಪ್ರೈಮ್‌ನಲ್ಲಿ ಎಫ್1 ಒತ್ತಿ ಅಬೌಟ್‌ಗೆ ಹೋದರೆ ಸಿಲ್ವರೋ ಗೋಲ್ಡೋ, ಯಾವ ರಿಲೀಸು, ಟಿಎಸ್‌ಎಸ್ ಯಾವತ್ತಿನವರೆಗೆ ಎಂಬುದೆಲ್ಲ ಇರುತ್ತದೆ.

ಆ ಟಿಎಸ್‌ಎಸ್ ಬಗ್ಗೆ ಒಂದು ಮಾತು. ಶಿರಸಿಯಲ್ಲಿ ಟಿಎಸ್‌ಎಸ್ ಎಂದರೆ ತೋಟಗಾರರ ಸೇಲ್ ಸೊಸೈಟಿ, ಬೇರೆ ಅರ್ಥವೇ ಇಲ್ಲ. "ನಿಮ್ಮ ಟಿಎಸ್‌ಎಸ್ ಮುಗಿದಿದೆ" ಎಂದು ಟ್ಯಾಲಿಯವರಿಂದ ಸಂದೇಶ ಬಂದಾಗ, ಸೊಸೈಟಿಯ ಸದಸ್ಯತ್ವವೇ ಹೋಯಿತೇನೋ ಎಂದು ಗಾಬರಿಯಾಗಿ ನನಗೆ ಫೋನ್ ಮಾಡಿದವರಿದ್ದಾರೆ. ಟ್ಯಾಲಿಯವರ ಟಿಎಸ್‌ಎಸ್ ಎಂದರೆ ಟ್ಯಾಲಿ ಸಾಫ್ಟ್‌ವೇರ್ ಸರ್ವಿಸಸ್, ಅಂದರೆ ಹೊಸ ರಿಲೀಸು ಮತ್ತು ಆನ್‌ಲೈನ್ ಸೌಲಭ್ಯಗಳಿಗಾಗಿ ಕಟ್ಟುವ ಚಂದಾ. ಪಟ್ಟಿಯಲ್ಲಿ ಬರೆಯುವಾಗ ಪೂರ್ತಿ ಹೆಸರು ಬರೆಯಿರಿ.

ಪಟ್ಟಿ ಮಾಡುವಾಗ ಮೂರು ಕಡೆ ಕಾಲು ಜಾರುತ್ತದೆ.

ಮೊದಲನೆಯದು, ಲ್ಯಾಪ್‌ಟಾಪ್ ಜೊತೆ ಬಂದ ಎಂಎಸ್ ಆಫೀಸ್. ಅಂಗಡಿಯವರು "ಲೈಫ್‌ಟೈಮ್ ಆಫೀಸ್ ಫ್ರೀ" ಎಂದು ಕೊಟ್ಟದ್ದು ಬಹಳ ಸಲ ಹೋಮ್ ಆ್ಯಂಡ್ ಸ್ಟೂಡೆಂಟ್ ಆವೃತ್ತಿ. ಅದು ಒರಿಜಿನಲ್ಲೇ, ಆದರೆ ಅದರ ಷರತ್ತಿನಲ್ಲಿ ವ್ಯಾಪಾರದ ಕೆಲಸಕ್ಕೆ ಅನುಮತಿ ಇಲ್ಲ. ಮನೆಯಲ್ಲಿ ಮಗಳ ಪ್ರಾಜೆಕ್ಟಿಗೆ ಸರಿ, ಗೋದಾಮಿನ ಬಿಲ್ಲಿಗೆ ಅಲ್ಲ.

ಎರಡನೆಯದು, ಕ್ರ್ಯಾಕ್, ಅಂದರೆ ಲೈಸೆನ್ಸಿನ ಬೀಗ ಮುರಿದ ಕದ್ದ ಪ್ರತಿ. ಇದ್ದರೆ ಇದೆ ಎಂದೇ ಬರೆಯಿರಿ, ನಿಮ್ಮ ಪಟ್ಟಿಯಲ್ಲೇ ಸುಳ್ಳು ಬೇಡ. 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮಿನ ಪ್ರಕಾರ, ಕದ್ದ ಪ್ರತಿ ಎಂದು ಗೊತ್ತಿದ್ದೂ ಕಂಪ್ಯೂಟರಿನಲ್ಲಿ ಬಳಸಿದರೆ 7 ದಿನದಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ. ದರ್ಜೆ ಬೆರೆಸುವ ದೊಡ್ಡ ಲಾಭವೇ ಇಲ್ಲಿದೆ. ಎಲ್ಲರಿಗೂ ದುಬಾರಿಯದ್ದು ಕೊಳ್ಳಲಾಗದೆ ಕ್ರ್ಯಾಕಿಗೆ ಇಳಿದ ಆಫೀಸು, ಹೆಚ್ಚಿನವರಿಗೆ ಅಗ್ಗದ ದರ್ಜೆ ಸಾಕು ಎಂದು ತಿಳಿದ ದಿನ ಕ್ರ್ಯಾಕನ್ನು ಬಿಡಬಹುದು.

ಮೂರನೆಯದು, ಐಡಿ ಯಾರದ್ದು ಎಂಬುದು. ನಾನು ನೋಡಿದ ಒಂದು ಆಫೀಸಿನಲ್ಲಿ ಇಡೀ ಸಂಸ್ಥೆಯ ಮೇಲ್ ವ್ಯವಸ್ಥೆ, ನಾಲ್ಕು ವರ್ಷದ ಹಿಂದೆ ಕೆಲಸ ಬಿಟ್ಟು ಬೆಂಗಳೂರಿಗೆ ಹೋದ ಹುಡುಗನ ಸ್ವಂತ ಜಿಮೇಲ್‌ನಲ್ಲಿ ನಿಂತಿತ್ತು. ರಿನ್ಯೂವಲ್‌ ಬಂದಾಗ ಒಟಿಪಿ ಅವನ ಫೋನಿಗೆ ಹೋಗುತ್ತಿತ್ತು. ಅವನು ಒಳ್ಳೆಯವನಾಗಿದ್ದಕ್ಕೆ ಬಚಾವು. ಎಲ್ಲ ಲೈಸೆನ್ಸನ್ನೂ ಸಂಸ್ಥೆಯ ಡೊಮೈನಿನ, ಅಂದರೆ ಸಂಸ್ಥೆಯದೇ ಹೆಸರಿನ ಮೇಲ್ ವಿಳಾಸದ, ಒಂದು ಐಡಿಗೆ ತನ್ನಿ, ಅದರ ಒಟಿಪಿ ಆಫೀಸಿನದೇ ಸಿಮ್‌ಗೆ ಬರಲಿ.

ಕುರ್ಚಿ ಬಿಡಿ, ಕೆಲಸ ನೋಡಿ

ಪಟ್ಟಿ ಆದ ಮೇಲೆ ಜನರನ್ನು ವಿಂಗಡಿಸಬೇಕು. ಇಲ್ಲಿ ಎಲ್ಲ ಕಡೆಯೂ ಒಂದೇ ತಪ್ಪು ಆಗುತ್ತದೆ. ಮಾಲಕರಿಗೆ ಎಲ್ಲಕ್ಕಿಂತ ದುಬಾರಿ, ಮ್ಯಾನೇಜರಿಗೆ ಅದರ ಕೆಳಗಿನದು, ಗುಮಾಸ್ತೆಗೆ ಕಡೆಯದು. ನಿಜ ಸ್ಥಿತಿ ತಲೆಕೆಳಗು. ಮಾಲಕರು ಫೋನಿನಲ್ಲಿ ಮೇಲ್ ಓದಿ, ಪಿಡಿಎಫ್ ನೋಡಿ, ವಾಟ್ಸಾಪ್‌ನಲ್ಲಿ "ಓಕೆ" ಎನ್ನುತ್ತಾರೆ. ಹದಿನೆಂಟು ಹಾಳೆಯ ಎಕ್ಸೆಲ್ ಇಟ್ಟುಕೊಂಡು ದಿನವಿಡೀ ಒದ್ದಾಡುವವಳು ಲೆಕ್ಕ ವಿಭಾಗದ ಹುಡುಗಿ.

"ನಿನಗೆ ಎಕ್ಸೆಲ್ ಬೇಕಾ?" ಎಂದು ಕೇಳಿದರೆ ಯಾರೂ ಬೇಡ ಎನ್ನುವುದಿಲ್ಲ. "ನಿನ್ನೆ ಏನೇನು ತೆರೆದೆ?" ಎಂದು ಕೇಳಿ. ಒಂದು ವಾರ ಕೇಳಿ. ವರ್ಡ್, ಎಕ್ಸೆಲ್, ಮೇಲ್ ಎಲ್ಲ ಸೇರಿದ ಚಂದಾ ಸಾಫ್ಟ್‌ವೇರಾದ ಮೈಕ್ರೋಸಾಫ್ಟ್ 365 ಈಗಾಗಲೇ ಇದ್ದರೆ ಅಡ್ಮಿನ್ ಸೆಂಟರಿನ ರಿಪೋರ್ಟ್ಸ್, ಯೂಸೇಜ್ ವಿಭಾಗದಲ್ಲಿ ಯಾರು ಯಾವ ಆ್ಯಪನ್ನು ಬಳಸಿದ್ದಾರೆ, ಯಾರು ಡೆಸ್ಕ್‌ಟಾಪಿನಲ್ಲಿ ಹಾಕಿಕೊಂಡೇ ಇಲ್ಲ ಎಂಬುದು ಸಿಗುತ್ತದೆ. ಹೆಸರಿನ ಜಾಗದಲ್ಲಿ ಅರ್ಥವಾಗದ ಅಕ್ಷರಸರಣಿ ಕಂಡರೆ ಹೆದರಬೇಡಿ. ಖಾಸಗಿತನಕ್ಕಾಗಿ ಹೆಸರು ಮರೆಮಾಡುವುದು ಅದರ ಮೂಲ ವ್ಯವಸ್ಥೆ. ಸೆಟ್ಟಿಂಗ್ಸ್‌ನ ಆರ್ಗ್ ಸೆಟ್ಟಿಂಗ್ಸ್‌ನಲ್ಲಿ ರಿಪೋರ್ಟ್ಸ್‌ಗೆ ಹೋಗಿ ಆ ಗುರುತು ತೆಗೆದರೆ ಹೆಸರು ಕಾಣುತ್ತದೆ. ನೋಡಿದ ಮೇಲೆ ಮತ್ತೆ ಹಾಕಿಬಿಡಿ.

ನಮ್ಮ 38 ಜನರಲ್ಲಿ ಕೊನೆಗೆ ನಾಲ್ಕು ಗುಂಪಾಯಿತು. ತೂಕದ ಕಾಟಾ, ಲೋಡಿಂಗ್, ಚಾಲಕರು ಸೇರಿ ಎಂಟು ಜನಕ್ಕೆ ಲೈಸೆನ್ಸೇ ಬೇಡ, ಫೋನ್ ಸಾಕು. ಮೇಲ್ ನೋಡುವುದು, ಫಾರ್ಮ್ ತುಂಬುವುದು, ಇನ್ನೊಬ್ಬರು ಮಾಡಿದ್ದನ್ನು ಓದುವುದು ಮಾಡುವವರು 17. ಮಾಲಕರೂ ಇದರಲ್ಲೇ. ಕಡತ ತಯಾರಿಸುವವರು 11. ಇಡೀ ವ್ಯವಸ್ಥೆಯ ಕೀಲಿಕೈ ಇಟ್ಟುಕೊಂಡವರು, ಹಣ ಕಳಿಸುವ ಅಧಿಕಾರ ಇದ್ದವರು ಇಬ್ಬರು. ಅವರಿಗೆ ಭದ್ರತೆಯ ಸೌಲಭ್ಯ ಹೆಚ್ಚಿರುವ ದರ್ಜೆ. ಮಾಲಕರಿಗೆ ಇದನ್ನು ಹೇಳುವ ಜವಾಬ್ದಾರಿ ನನ್ನ ತಲೆಗೇ ಬಂತು. "ಯಂಗೆ (ನನಗೆ) ಸಣ್ಣದಾ?" ಎಂದು ಒಂದು ಕ್ಷಣ ಮುಖ ನೋಡಿದರು. ಹಾಳೆಯ ಕೆಳಗಿನ ಮೊತ್ತ ತೋರಿಸಿದೆ.

ಕಂಪನಿ ಬೆರೆಸಲು ಬಿಡುತ್ತದೆಯೇ?

ಎಲ್ಲ ಕಂಪನಿಗಳ ನಿಯಮ ಒಂದೇ ಅಲ್ಲ. ಕೊಳ್ಳುವ ಮೊದಲೇ ಇದನ್ನು ಲಿಖಿತವಾಗಿ, ಕನಿಷ್ಠ ಮೇಲ್‌ನಲ್ಲಾದರೂ ಕೇಳಿಟ್ಟುಕೊಳ್ಳಿ. ನಾನು ಮೂರು ಜಾತಿ ಮಾಡಿಕೊಂಡಿದ್ದೇನೆ.

ಕೆಲವು ಧಾರಾಳವಾಗಿ ಬೆರೆಸಲು ಬಿಡುತ್ತವೆ. ಮೈಕ್ರೋಸಾಫ್ಟ್ 365 ಇದಕ್ಕೆ ಒಳ್ಳೆಯ ಉದಾಹರಣೆ. ಒಂದೇ ಡೊಮೈನಿನಲ್ಲಿ ಒಬ್ಬರಿಗೆ ಬಿಸಿನೆಸ್ ಬೇಸಿಕ್, ಇನ್ನೊಬ್ಬರಿಗೆ ಸ್ಟ್ಯಾಂಡರ್ಡ್, ಮತ್ತೊಬ್ಬರಿಗೆ ಪ್ರೀಮಿಯಂ, ಬೇಕಾದರೆ ದೊಡ್ಡ ಸಂಸ್ಥೆಗಳ ದರ್ಜೆಯಾದ ಇ3 ಕೂಡ ಕೊಡಬಹುದು. ಹೊರಗಿನವರಿಗೆ ಎಲ್ಲರ ಮೇಲ್ ವಿಳಾಸವೂ ಒಂದೇ ರೀತಿ ಕಾಣುತ್ತದೆ. ಬಿಸಿನೆಸ್ ಹೆಸರಿನ ಪ್ರತಿ ಪ್ಲಾನಿಗೂ 300 ಜನರ ಮಿತಿ ಇದೆ, ಆದರೆ ಆ ಮಿತಿ ಪ್ಲಾನಿಗೊಂದರಂತೆ. ಜೂಮ್‌ನಲ್ಲೂ ಹೀಗೇ: ಮೀಟಿಂಗ್ ಕರೆಯುವ ಇಬ್ಬರಿಗೆ ಹಣ ಕೊಟ್ಟ ಲೈಸೆನ್ಸ್, ಉಳಿದವರು 40 ನಿಮಿಷದ ಮಿತಿಯ ಬೇಸಿಕ್‌ನಲ್ಲಿ. ಬರೀ ಕೂತು ಕೇಳುವವರಿಗೆ ಲೈಸೆನ್ಸ್ ಏಕೆ?

ಇನ್ನು ಕೆಲವು ಮನೆಗೆಲ್ಲ ಒಂದೇ ಊಟ ಎನ್ನುತ್ತವೆ. ಆಫೀಸಿನವರು ಪರಸ್ಪರ ಸಂದೇಶ ಕಳಿಸುವ ಸ್ಲ್ಯಾಕ್‌ನ ಒಂದು ವರ್ಕ್‌ಸ್ಪೇಸಿನಲ್ಲಿ ಅರ್ಧ ಜನ ಫ್ರೀ, ಅರ್ಧ ಜನ ಪೇಯ್ಡ್ ಆಗಲಾರರು. ಯಾರ ಕೆಲಸ ಎಲ್ಲಿಗೆ ಬಂತು ಎಂದು ಪಟ್ಟಿ ಇಡುವ ಜೀರಾದ ಒಂದು ಸೈಟಿಗೆ ಒಂದೇ ಪ್ಲಾನು. ಪ್ರೋಗ್ರಾಂ ಬರೆಯುವವರು ಕೋಡ್ ಇಡುವ ಗಿಟ್‌ಲ್ಯಾಬ್‌ನ ಒಂದು ಗುಂಪಿಗೆ ಹಣ ಕಟ್ಟಿದರೆ ಅದರ ಸದಸ್ಯರೆಲ್ಲ ಅದೇ ದರ್ಜೆ. ಇಂಥ ಕಡೆ ದರ್ಜೆ ಬೆರೆಸುವ ಆಲೋಚನೆ ಬಿಟ್ಟು ತಲೆ ಎಣಿಕೆ ಕಡಿಮೆ ಮಾಡಬೇಕು. ಸ್ಲ್ಯಾಕ್‌ನ ಪೇಯ್ಡ್ ಪ್ಲಾನಿನಲ್ಲಿ ಒಬ್ಬ ಸದಸ್ಯನಿಗೆ ಐವರಂತೆ, ಒಂದೇ ಚಾನೆಲ್ ನೋಡುವ ಅತಿಥಿಗಳನ್ನು ಹಣವಿಲ್ಲದೆ ಸೇರಿಸಬಹುದು. ಹೊರಗಿನ ಸಿಎ, ಸಾಗಾಟದವರು ಅಲ್ಲಿರಲಿ. ಎರಡು ವರ್ಕ್‌ಸ್ಪೇಸ್ ಮಾಡಿಕೊಂಡು ಒಂದನ್ನು ಫ್ರೀ ಇಡುವ ಉಪಾಯವನ್ನು ಕೆಲವರು ಹೇಳುತ್ತಾರೆ. ನನಗೆ ಅದು ಹಿಡಿಸಿಲ್ಲ. ಒಂದು ವಿಷಯ ಎಲ್ಲಿ ಮಾತಾಡಿದ್ದು ಎಂದು ಹುಡುಕುವುದರಲ್ಲೇ ಉಳಿಸಿದ ಹಣಕ್ಕೆ ಸಮನಾದ ಹೊತ್ತು ಹೋಗುತ್ತದೆ. ಮೈಕ್ರೋಸಾಫ್ಟ್ 365ರಂಥದ್ದೇ ಆದ ಗೂಗಲ್ ವರ್ಕ್‌ಸ್ಪೇಸ್ ಇಟ್ಟುಕೊಂಡವರು, ಬೇರೆ ಬೇರೆ ಆವೃತ್ತಿ ಬೆರೆಸುವ ಮೊದಲು ಮಾರಾಟಗಾರರನ್ನೇ ಕೇಳಿ.

ಮೂರನೆಯ ಜಾತಿ ಯಂತ್ರಕ್ಕೆ ಅಥವಾ ಕಟ್ಟಡಕ್ಕೆ ಕಟ್ಟಿಹಾಕಿದ್ದು. ನಮ್ಮ ಕಡೆ ಹೆಚ್ಚು ಗೊಂದಲ ಇದರಲ್ಲೇ, ಅದಕ್ಕೇ ಇದನ್ನು ಬೇರೆಯಾಗಿ ಬರೆಯುತ್ತೇನೆ.

ಟ್ಯಾಲಿ: ಸಿಲ್ವರ್ ಒಂದು ಕಡೆ, ಗೋಲ್ಡ್ ಇನ್ನೊಂದು ಕಡೆ

ಟ್ಯಾಲಿ ಪ್ರೈಮ್ ಸಿಲ್ವರ್ ಒಂದು ಕಂಪ್ಯೂಟರಿಗೆ. ಗೋಲ್ಡ್ ಒಂದು ಆಫೀಸಿನ ಲ್ಯಾನಿನಲ್ಲಿ (ಒಳಜಾಲದಲ್ಲಿ) ಇರುವ ಎಷ್ಟು ಕಂಪ್ಯೂಟರಿಗಾದರೂ. ಶಿರಸಿಯಲ್ಲಿ ಆರು ಜನ ಒಟ್ಟಿಗೆ ಎಂಟ್ರಿ ಹಾಕುತ್ತಾರೆ, ಅಲ್ಲಿ ಗೋಲ್ಡ್ ಇರಲಿ. ಕುಮಟಾ, ಕಾರವಾರದಲ್ಲಿ ಒಬ್ಬೊಬ್ಬರೇ, ಅಲ್ಲಿ ಸಿಲ್ವರ್. ಈ ಬೆರಕೆಗೆ ತೊಂದರೆ ಏನೂ ಇಲ್ಲ, ಸಿಲ್ವರಿನಲ್ಲಿ ಬರೆದ ಲೆಕ್ಕ ಗೋಲ್ಡಿನಲ್ಲಿ ತೆರೆಯುತ್ತದೆ.

ಪೇಚು ಇರುವುದು ರಿಲೀಸಿನಲ್ಲಿ. ಟ್ಯಾಲಿಯ ಲೈಸೆನ್ಸ್ ಒಮ್ಮೆ ಕೊಂಡರೆ ನಿಮ್ಮದೇ, ಆದರೆ ಹೊಸ ರಿಲೀಸಿಗೆ ಟಿಎಸ್‌ಎಸ್ ಚಾಲ್ತಿ ಇರಬೇಕು. ಶಿರಸಿಯವರು ಚಂದಾ ಕಟ್ಟಿ ಹೊಸ ರಿಲೀಸಿಗೆ ಹೋದರು, ಕುಮಟಾದವರು "ಈ ವರ್ಷ ಬೇಡ" ಎಂದು ಬಿಟ್ಟರು ಎನ್ನಿ. ಹೊಸ ರಿಲೀಸಿಗೆ ಬದಲಾದ ಕಂಪನಿ ಡೇಟಾವನ್ನು ಶಿರಸಿಯಿಂದ ಬ್ಯಾಕಪ್ ಮಾಡಿ ಕುಮಟಾಕ್ಕೆ ಕಳಿಸಿದರೆ ಹಳೆಯ ರಿಲೀಸಿನಲ್ಲಿ ಅದು ತೆರೆಯುವುದಿಲ್ಲ. ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ, ಮೇಲಿನಿಂದ ಕೆಳಕ್ಕೆ ಬರುವುದಿಲ್ಲ. ಶಿರಸಿಯಿಂದ ಕುಮಟಾಕ್ಕೆ ಇಳಿಯುವ ದೇವಿಮನೆ ಘಟ್ಟಕ್ಕೆ ಉಲ್ಟಾ! ಆದ್ದರಿಂದ ದರ್ಜೆ ಬೇರೆ ಇದ್ದರೂ ರಿಲೀಸ್ ಒಂದೇ ಇರಲಿ, ಟಿಎಸ್‌ಎಸ್ ಮುಗಿಯುವ ತಾರೀಕನ್ನೂ ಆದಷ್ಟು ಒಂದೇ ತಿಂಗಳಿಗೆ ತನ್ನಿ.

ನಿಮ್ಮದು ಪ್ರೈವೇಟ್ ಲಿಮಿಟೆಡ್ ಆಗಿದ್ದರೆ ಇನ್ನೊಂದು ವಿಷಯವಿದೆ. 2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸುವ ಲೆಕ್ಕದ ಸಾಫ್ಟ್‌ವೇರ್ ಪ್ರತಿ ತಿದ್ದುಪಡಿಯ ದಾಖಲೆ ಇಡಲೇಬೇಕು. ಯಾವ ಎಂಟ್ರಿ ಯಾವಾಗ ಬದಲಾಯಿತು ಎಂಬುದು ಅಳಿಸಲಾಗದಂತೆ ಉಳಿಯಬೇಕು. ಶಿರಸಿಯಲ್ಲಿ ಎಡಿಟ್ ಲಾಗ್ ಇರುವ ಟ್ಯಾಲಿ ಇಟ್ಟು, ಕಾರವಾರದ ಮೂಲೆಯ ಯಂತ್ರದಲ್ಲಿ ಹಳೆಯ ಟ್ಯಾಲಿ ಮುಂದುವರಿಸಿದರೆ ಆಡಿಟರು ಒಪ್ಪುವುದಿಲ್ಲ. ಸಹಕಾರಿ ಸಂಘಕ್ಕೆ, ಪಾಲುದಾರಿಕೆ ಫರ್ಮಿಗೆ ಈ ಕಂಪನಿ ನಿಯಮ ಹತ್ತುವುದಿಲ್ಲ.

ಲೈಸೆನ್ಸ್ ಇಲ್ಲದ ಎಜುಕೇಷನಲ್ ಮೋಡ್‌ನಲ್ಲಿ ಶಾಖೆಯ ಲೆಕ್ಕ ಬರೆಯುವ ಬುದ್ಧಿವಂತರೂ ಇದ್ದಾರೆ. ಅದರಲ್ಲಿ ತಿಂಗಳ 1, 2 ಮತ್ತು 31 ಈ ತಾರೀಕುಗಳಿಗೆ ಮಾತ್ರ ಎಂಟ್ರಿ ಹಾಕಬಹುದು. ಇಡೀ ತಿಂಗಳ ಮಾರಾಟ ಎರಡನೇ ತಾರೀಕಿಗೇ ಆಯಿತು ಎಂದು ಜಿಎಸ್‌ಟಿಯವರಿಗೆ ಹೇಳುವ ಧೈರ್ಯವಿದ್ದರೆ ಮುಂದುವರಿಸಿ.

ವಿಂಡೋಸ್ ವಿಷಯ ಚಿಕ್ಕದು. ಹೋಮ್ ಇರುವ ಯಂತ್ರವನ್ನು ಸಂಸ್ಥೆಯ ವಿಂಡೋಸ್ ಡೊಮೈನಿಗೆ (ಎಲ್ಲ ಯಂತ್ರಗಳನ್ನೂ ಒಂದೇ ಕಡೆಯಿಂದ ನೋಡಿಕೊಳ್ಳುವ ವ್ಯವಸ್ಥೆಗೆ) ಸೇರಿಸಲಾಗುವುದಿಲ್ಲ, ವಿಂಡೋಸ್‌ನದೇ ರಿಮೋಟ್ ಡೆಸ್ಕ್‌ಟಾಪಿನಲ್ಲಿ ಅದರೊಳಗೆ ಹೋಗಲೂ ಆಗುವುದಿಲ್ಲ. ಇವೆರಡೂ ಬೇಕಾದ ಯಂತ್ರಗಳಿಗೆ ಮಾತ್ರ ಪ್ರೊ ಕೊಳ್ಳಿ. ಯಂತ್ರದ ಜೊತೆಗೇ ಬಂದ ಒಇಎಂ ಲೈಸೆನ್ಸ್ ಆ ಯಂತ್ರದ ಜೊತೆಗೇ ಸಾಯುತ್ತದೆ, ಹೊಸದಕ್ಕೆ ಕೊಂಡೊಯ್ಯಲಾಗದು. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಆಫೀಸ್ 2016, 2019ರ ಕಥೆಯೂ ಅದೇ ದಿನಕ್ಕೆ ಮುಗಿಯಿತು.

ಕೆಳದರ್ಜೆಯಲ್ಲಿ ಏನು ಕೈಬಿಡುತ್ತದೆ: ಮಳೆಗಾಲದ ಪರೀಕ್ಷೆ

ಕಂಪನಿಗಳ ಜಾಲತಾಣದ ಹೋಲಿಕೆ ಪಟ್ಟಿಯಲ್ಲಿ ನೂರು ಸಾಲು ಇರುತ್ತದೆ. ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಮುಖ್ಯವಾದದ್ದು ಅದರಲ್ಲಿ ಒಂದೇ ಸಾಲು: ನೆಟ್ ಇಲ್ಲದಾಗ ಇದು ನಡೆಯುತ್ತದೆಯೇ?

ಬಿಸಿನೆಸ್ ಬೇಸಿಕ್‌ನಲ್ಲಿ ವರ್ಡ್, ಎಕ್ಸೆಲ್ ಬ್ರೌಸರ್ ಮತ್ತು ಫೋನಿನಲ್ಲಿ ಮಾತ್ರ. ಕಂಪ್ಯೂಟರಿಗೆ ಇಳಿಸಿಕೊಳ್ಳುವ ಆವೃತ್ತಿ ಬೇಕೆಂದರೆ ಸ್ಟ್ಯಾಂಡರ್ಡ್ ಅಥವಾ ಮೇಲಿನದು. ಬೆಂಗಳೂರಿನಲ್ಲಿ ಕೂತು ನೋಡಿದರೆ ಇದು ದೊಡ್ಡ ವ್ಯತ್ಯಾಸ ಅನ್ನಿಸುವುದಿಲ್ಲ. ಜುಲೈ ತಿಂಗಳಲ್ಲಿ ಸಿದ್ದಾಪುರದಲ್ಲೋ ಯಲ್ಲಾಪುರದಲ್ಲೋ ಜೋಯಿಡಾದಲ್ಲೋ ಕೂತು ನೋಡಿ. ಮರ ಬಿದ್ದು ಕರೆಂಟು ಹೋಗಿ, ಟವರಿನ ಬ್ಯಾಟರಿ ಮುಗಿದು, ಫೈಬರ್ ಎಲ್ಲೋ ತುಂಡಾಗಿ ಎರಡು ದಿನ ನೆಟ್ ಇಲ್ಲ. ಇನ್ವರ್ಟರಿನಲ್ಲಿ ಕಂಪ್ಯೂಟರ್ ನಡೆಯುತ್ತಿದೆ, ಆದರೆ ಎಕ್ಸೆಲ್ ತೆರೆಯುತ್ತಿಲ್ಲ, ಏಕೆಂದರೆ ಅದು ಇರುವುದೇ ಬ್ರೌಸರಿನಾಚೆ. ಹಾಗಾಗಿ ವಿಂಗಡಣೆಯಲ್ಲಿ ನಾನು ಊರಿಗೂ ಒಂದು ಅಂಕ ಕೊಡುತ್ತೇನೆ. ಕಾರವಾರ ಪೇಟೆಯಲ್ಲಿ ಎರಡು ಕಂಪನಿಯ ಫೈಬರ್ ಇರುವ ಶಾಖೆಯ ಗುಮಾಸ್ತೆಗೆ ಬೇಸಿಕ್ ಸಾಕಾಗಬಹುದು. ಅದೇ ಕೆಲಸ ಮಾಡುವ ಘಟ್ಟದ ಮೇಲಿನ ಶಾಖೆಯವನಿಗೆ ಡೆಸ್ಕ್‌ಟಾಪ್ ಆವೃತ್ತಿ ಬೇಕು. ಡೆಸ್ಕ್‌ಟಾಪ್ ಆವೃತ್ತಿಯೂ ಪೂರ್ತಿ ನೆಟ್ ಬಿಟ್ಟು ಬದುಕುವುದಿಲ್ಲ. ಲೈಸೆನ್ಸ್ ಚಾಲ್ತಿ ಇದೆಯೇ ಎಂದು ನೋಡಲು 30 ದಿನಕ್ಕೊಮ್ಮೆಯಾದರೂ ಅದು ನೆಟ್‌ಗೆ ಸೇರಬೇಕು. ನಮ್ಮ ಮಳೆ ಎಷ್ಟೇ ಹಟಮಾರಿಯಾದರೂ ಅಷ್ಟು ದಿನ ಕಾಡುವುದಿಲ್ಲ.

ಎರಡನೆಯ ಪರೀಕ್ಷೆ ಮ್ಯಾಕ್ರೊ. ಬಹಳ ಆಫೀಸುಗಳಲ್ಲಿ ಯಾರೋ ಪುಣ್ಯಾತ್ಮ ಎಂದೋ ಬರೆದಿಟ್ಟ ಒಂದು ಎಕ್ಸೆಲ್ ಕಡತ ಇರುತ್ತದೆ. ಗುಂಡಿ ಒತ್ತಿದರೆ ಚೀಲದ ಲೆಕ್ಕ, ಕಮಿಷನ್, ಹಮಾಲಿ ಎಲ್ಲ ಕಳೆದು ಪಟ್ಟಿ ಬರುತ್ತದೆ. ಬ್ರೌಸರಿನ ಎಕ್ಸೆಲ್‌ನಲ್ಲಿ ಆ ಕಡತ ತೆರೆಯುತ್ತದೆ, ಗುಂಡಿ ಮಾತ್ರ ಕೆಲಸ ಮಾಡುವುದಿಲ್ಲ. ಅಂಥ ಕಡತ ಬಳಸುವವರನ್ನು ಕೆಳದರ್ಜೆಗೆ ಇಳಿಸಬೇಡಿ. ಹಳೆಯ ನುಡಿ ಫಾಂಟಿನಲ್ಲಿರುವ ಕನ್ನಡ ಪತ್ರಗಳನ್ನೂ ಬ್ರೌಸರಿನಲ್ಲಿ ಒಮ್ಮೆ ತೆರೆದು ನೋಡಿ. ಅಕ್ಷರ ಕೆಟ್ಟರೆ ಮೊದಲು ಯೂನಿಕೋಡಿಗೆ ಬದಲಿಸಿಕೊಳ್ಳಿ.

ವರ್ಡ್, ಎಕ್ಸೆಲ್‌ನಂಥದ್ದೇ ಕೆಲಸ ಮಾಡುವ ಲಿಬ್ರೆ ಆಫೀಸನ್ನೂ ಒಂದು ದರ್ಜೆ ಎಂದೇ ಎಣಿಸಿ. ದುಡ್ಡಿಲ್ಲ, ನೆಟ್ ಬೇಡ, ವ್ಯಾಪಾರಕ್ಕೂ ಅಡ್ಡಿಯಿಲ್ಲ. ತಮ್ಮಷ್ಟಕ್ಕೆ ಪತ್ರ ಬರೆದು ಪ್ರಿಂಟ್ ತೆಗೆಯುವವರಿಗೆ ಅದು ಧಾರಾಳ ಸಾಕು. ಒಂದೇ ಕಡತ ದಿನಕ್ಕೆ ನಾಲ್ಕು ಸಲ ವರ್ಡಿಗೂ ಲಿಬ್ರೆಗೂ ಓಡಾಡುವುದಾದರೆ ಟೇಬಲ್ಲುಗಳು ಅಲ್ಲಲ್ಲಿ ಸರಿದಾಡುತ್ತವೆ, ಅಲ್ಲಿ ಬೇಡ.

ಹಂಚಿಕೊಳ್ಳುವ ಐಡಿ, ಹಂಚಿಕೊಳ್ಳುವ ಯಂತ್ರ

ಒಂದು ಲೈಸೆನ್ಸ್ ಕೊಂಡು ಐವರಿಗೆ ಅದರ ಪಾಸ್‌ವರ್ಡ್ ಹಂಚುವುದು ದರ್ಜೆ ಬೆರೆಸುವುದಲ್ಲ, ಷರತ್ತು ಮುರಿಯುವುದು. ಹೆಸರಿಗೆ ಕೊಟ್ಟ ಲೈಸೆನ್ಸ್ ಒಬ್ಬರಿಗೆ. ಮೈಕ್ರೋಸಾಫ್ಟಿನದರಲ್ಲಿ ಆ ಒಬ್ಬರು ಐದು ಕಂಪ್ಯೂಟರಿನಲ್ಲಿ ಹಾಕಿಕೊಳ್ಳಬಹುದು ಎಂದರೆ ಐದು ಜನ ಬಳಸಬಹುದು ಎಂದಲ್ಲ. ನಿಯಮ ಬದಿಗಿಡಿ, ಕಡತ ಅಳಿಸಿದವರು ಯಾರು ಎಂದು ಹುಡುಕುವಾಗ ಐವರಿಗೂ ಒಂದೇ ಹೆಸರಿದ್ದರೆ ಏನು ಮಾಡುತ್ತೀರಿ?

ಆದರೆ ಬಿಲ್ಲಿಂಗ್, ವಿಚಾರಣೆ, ಬುಕಿಂಗ್ ಎಂದು ಸಾರ್ವಜನಿಕ ವಿಳಾಸಗಳಿಗೆಲ್ಲ ಬೇರೆ ಬೇರೆ ಲೈಸೆನ್ಸ್ ಕೊಳ್ಳಬೇಕಾಗಿಲ್ಲ. ಅವನ್ನು ಶೇರ್ಡ್ ಮೇಲ್‌ಬಾಕ್ಸ್, ಅಂದರೆ ಹಲವರು ತಮ್ಮ ತಮ್ಮ ಐಡಿಯಿಂದಲೇ ತೆರೆಯುವ ಮೇಲ್ ಪೆಟ್ಟಿಗೆ, ಮಾಡಿ. 50 ಜಿಬಿವರೆಗೆ ಅದಕ್ಕೆ ಲೈಸೆನ್ಸ್ ಬೇಡ, ಅದನ್ನು ತೆರೆಯುವವರಿಗೆ ತಮ್ಮದೇ ಲೈಸೆನ್ಸ್ ಇದ್ದರೆ ಆಯಿತು. ನಮ್ಮ ಆಫೀಸಿನಲ್ಲಿ ಇದೊಂದರಿಂದಲೇ ಮೂರು ಲೈಸೆನ್ಸ್ ಉಳಿಯಿತು.

ಮುರ್ಡೇಶ್ವರ, ಗೋಕರ್ಣದ ಲಾಡ್ಜುಗಳ ಕೌಂಟರಿನಂತೆ ಒಂದೇ ಯಂತ್ರದಲ್ಲಿ ಮೂರು ಪಾಳಿಯ ಜನ ಕೂರುವಲ್ಲಿ ಲೆಕ್ಕ ಬೇರೆ. ವಿಂಡೋಸ್ ಸರ್ವರ್ ಇದ್ದರೆ ಅದನ್ನು ತಲುಪಲು ಕ್ಯಾಲ್ ಎಂಬ ಲೈಸೆನ್ಸ್ ಬೇಕು. ಅದನ್ನು ಜನರ ಲೆಕ್ಕಕ್ಕೂ ಕೊಳ್ಳಬಹುದು, ಯಂತ್ರದ ಲೆಕ್ಕಕ್ಕೂ ಕೊಳ್ಳಬಹುದು, ಎರಡನ್ನೂ ಬೆರೆಸಲೂಬಹುದು. ಕೌಂಟರಿನ ಯಂತ್ರಕ್ಕೆ ಯಂತ್ರದ ಕ್ಯಾಲ್ ಒಂದು. ಲ್ಯಾಪ್‌ಟಾಪ್, ಮನೆ, ಆಫೀಸು ಎಂದು ಮೂರು ಕಡೆಯಿಂದ ತೆರೆಯುವ ಮ್ಯಾನೇಜರಿಗೆ ಜನರ ಲೆಕ್ಕದ್ದು ಒಂದು. ರಿಮೋಟ್ ಡೆಸ್ಕ್‌ಟಾಪಿನಲ್ಲಿ ಸರ್ವರಿನೊಳಗೇ ಕೆಲಸ ಮಾಡುವುದಾದರೆ ಅದಕ್ಕೆ ಪ್ರತ್ಯೇಕ ಕ್ಯಾಲ್.

ನಡೆಯುತ್ತದೆ ಎಂದ ಮಾತ್ರಕ್ಕೆ ಬಿಟ್ಟಿದ್ದಾರೆ ಎಂದಲ್ಲ

ಬೆರೆಸುವಾಗ ಎಚ್ಚರ ತಪ್ಪುವುದು ಹೆಚ್ಚಾಗಿ ಇಲ್ಲಿ. ಮೈಕ್ರೋಸಾಫ್ಟಿನಲ್ಲಿ ಒಬ್ಬರಿಗೆ ಬಿಸಿನೆಸ್ ಪ್ರೀಮಿಯಂ ಕೊಂಡರೆ ಅದರ ಜೊತೆ ಎಂಟ್ರಾ ಐಡಿ ಪಿ1 ಎಂಬ ಭದ್ರತಾ ಸೌಲಭ್ಯ ಬರುತ್ತದೆ. ಯಾವ ಯಂತ್ರದಿಂದ, ಯಾವ ಜಾಗದಿಂದ ಲಾಗಿನ್ ಆಗಬಹುದು ಎಂಬ ನಿಯಮಗಳನ್ನು ಅದರಲ್ಲಿ ಹಾಕಬಹುದು. ಆ ಒಂದು ಲೈಸೆನ್ಸ್ ಖಾತೆಯೊಳಗೆ ಬಂದ ಕೂಡಲೇ, "ಎಲ್ಲ ಬಳಕೆದಾರರಿಗೆ" ಎಂದು ನಿಯಮ ಹಾಕುವ ಗುಂಡಿಯೂ ತೆರೆದುಕೊಳ್ಳುತ್ತದೆ. ಒತ್ತಿದರೆ 38 ಜನಕ್ಕೂ ಹತ್ತುತ್ತದೆ, ಯಾವ ತಡೆಯೂ ಇಲ್ಲ. ಆದರೆ ಷರತ್ತು ಹೇಳುವುದು ಬೇರೆ: ಸೌಲಭ್ಯದ ಪ್ರಯೋಜನ ಪಡೆಯುವ ಪ್ರತಿಯೊಬ್ಬರಿಗೂ ಆ ದರ್ಜೆಯ ಲೈಸೆನ್ಸ್ ಇರಬೇಕು.

ಆದ್ದರಿಂದ ದರ್ಜೆಗೊಂದರಂತೆ ಗುಂಪು ಮಾಡಿ, ಮೇಲ್ದರ್ಜೆಯ ನಿಯಮಗಳನ್ನು ಆ ಗುಂಪಿಗೆ ಮಾತ್ರ ಕಟ್ಟಿ. ಉಳಿದವರಿಗೆ ಎಲ್ಲ ದರ್ಜೆಯಲ್ಲೂ ಸಿಗುವ ಮೂಲ ಭದ್ರತೆ, ಅಂದರೆ ಪಾಸ್‌ವರ್ಡ್ ಜೊತೆ ಫೋನಿನ ದೃಢೀಕರಣ, ಕಡ್ಡಾಯ ಮಾಡಿ. ದರ್ಜೆ ಕಡಿಮೆ ಎಂದು ಬೀಗ ಸಡಿಲ ಬಿಡಬೇಡಿ. ಕಳ್ಳ ಬರುವುದು ಹಿತ್ತಲ ಬಾಗಿಲಿನಿಂದಲೇ.

ಲೆಕ್ಕ, ಅವಧಿ, ಸೀಸನ್ನು

ದರಗಳು ಬದಲಾಗುತ್ತಲೇ ಇರುವುದರಿಂದ ಇಲ್ಲಿ ಕಾಲ್ಪನಿಕ ಅಂಕಿಗಳನ್ನೇ ಇಟ್ಟುಕೊಳ್ಳೋಣ. ತಿಂಗಳಿಗೆ ಒಬ್ಬರಿಗೆ ಕೆಳದರ್ಜೆ 150 ರೂಪಾಯಿ, ನಡುವಿನದು 800, ಮೇಲಿನದು 1,900. ಎಲ್ಲ 38 ಜನಕ್ಕೂ ನಡುವಿನದೇ ಕೊಟ್ಟರೆ ತಿಂಗಳಿಗೆ 30,400. ಬೆರೆಸಿದರೆ ಇಬ್ಬರಿಗೆ 3,800, ಹನ್ನೊಂದು ಜನಕ್ಕೆ 8,800, ಹದಿನೇಳು ಜನಕ್ಕೆ 2,550, ಎಂಟು ಜನಕ್ಕೆ ಸೊನ್ನೆ. ಒಟ್ಟು 15,150. ವರ್ಷಕ್ಕೆ 1,83,000 ಉಳಿತಾಯ, ಅದರ ಮೇಲಿನ ಶೇ. 18 ಜಿಎಸ್‌ಟಿ ಬೇರೆ. ನಿಮ್ಮ ಮಾರಾಟಗಾರರ ದರಪಟ್ಟಿಯನ್ನು ಈ ಅಚ್ಚಿನಲ್ಲೇ ಹಾಕಿ ನೋಡಿ. ಉಳಿತಾಯದಿಂದ, ಇದನ್ನು ನೋಡಿಕೊಳ್ಳುವವರ ತಿಂಗಳ ಒಂದು ದಿನದ ಸಂಬಳ ಕಳೆಯಿರಿ. ಆಮೇಲೂ ಹೇಳಿಕೊಳ್ಳುವಷ್ಟು ಉಳಿಯದಿದ್ದರೆ ಬೆರೆಸಬೇಡಿ. ಎಂಟು ಹತ್ತು ಜನರ ಆಫೀಸಿಗೆ ಎಲ್ಲರಿಗೂ ಒಂದೇ ಕೊಡುವುದೇ ನೆಮ್ಮದಿ. ದೊಡ್ಡ ಆಫೀಸಿಗೂ ಮೂರಕ್ಕಿಂತ ಹೆಚ್ಚು ದರ್ಜೆ ಬೇಡ. ನಾಲ್ಕನೆಯದು ಬಂದರೆ ಯಾರಿಗೆ ಯಾವುದು ಎಂದು ನಿಮಗೇ ಮರೆಯುತ್ತದೆ.

ಅವಧಿಯಲ್ಲೂ ಜಾಣತನ ಬೇಕು. ಮೈಕ್ರೋಸಾಫ್ಟ್‌ನಲ್ಲಿ ವರ್ಷದ ಒಪ್ಪಂದ ಅಗ್ಗ, ಆದರೆ ಮೊದಲ ಏಳು ದಿನ ಕಳೆದ ಮೇಲೆ ಸಂಖ್ಯೆ ಇಳಿಸಲು ವರ್ಷದ ಕೊನೆಯವರೆಗೆ ಕಾಯಬೇಕು. ಹೆಚ್ಚಿಸುವುದು ಯಾವಾಗ ಬೇಕಾದರೂ ಆಗುತ್ತದೆ. ಮಧ್ಯದಲ್ಲಿ ಮೇಲ್ದರ್ಜೆಗೆ ಏರಬಹುದು, ಇಳಿಯುವುದು ರಿನ್ಯೂವಲ್ ಹೊತ್ತಿಗೇ. ತಿಂಗಳ ಒಪ್ಪಂದ ಶೇ. 20ರಷ್ಟು ದುಬಾರಿ, ಆದರೆ ಬೇಡವಾದಾಗ ಬಿಡಬಹುದು. ಹಾಗಾಗಿ ಅನುಮಾನ ಇದ್ದವರನ್ನು ಕೆಳಗಿನಿಂದ ಶುರುಮಾಡಿ, ಕಾಯಂ ಜನರನ್ನು ವರ್ಷಕ್ಕೆ ಕಟ್ಟಿ, ಅಡಿಕೆ ಸೀಸನ್ನಿಗೆಂದು ಬರುವ ಇಬ್ಬರು ಮೂವರನ್ನು ತಿಂಗಳಿನ ಲೆಕ್ಕದಲ್ಲಿ ಇಡಿ.

ಬದಲಾಯಿಸುವ ದಿನ

ಮೊದಲು ಮೂರು ಜನರ ಮೇಲೆ ಎರಡು ವಾರ ಪ್ರಯೋಗ ಮಾಡಿ. ಅವರಲ್ಲಿ ಒಬ್ಬರು ಎಲ್ಲದಕ್ಕೂ ಗೊಣಗುವವರಾಗಿರಲಿ, ತೊಂದರೆಗಳೆಲ್ಲ ಬೇಗ ಹೊರಬರುತ್ತವೆ. ಮಾರ್ಚ್ ಕೊನೆಯ ವಾರ ಬೇಡವೇ ಬೇಡ. ಪ್ರತಿ ತಿಂಗಳು ರಿಟರ್ನ್ ಹಾಕುವವರು ಜಿಎಸ್‌ಟಿಆರ್-1ರ 11ನೇ ತಾರೀಕು, 3ಬಿಯ 20ನೇ ತಾರೀಕಿನ ಅಕ್ಕಪಕ್ಕವನ್ನೂ ಬಿಡಿ. 22ರಿಂದ 28ರ ನಡುವೆ ಒಂದು ದಿನ ನೋಡಿ.

ಲೈಸೆನ್ಸ್ ಬದಲಿಸುವಾಗ ಹಳೆಯದನ್ನು ತೆಗೆದು ಚಹಾ ಕುಡಿದು ಬಂದು ಹೊಸದನ್ನು ಹಾಕಬೇಡಿ. ಹಳೆಯದರ ಗುರುತು ತೆಗೆಯುವುದು, ಹೊಸದರ ಗುರುತು ಹಾಕುವುದು ಎರಡನ್ನೂ ಮಾಡಿ ಒಂದೇ ಸಲ ಸೇವ್ ಒತ್ತಿ. ಲೈಸೆನ್ಸ್ ತೆಗೆದವರ ಮೇಲ್ ಸಾಮಾನ್ಯವಾಗಿ 30 ದಿನ ಉಳಿಯುತ್ತದೆ, ಆಮೇಲೆ ಹೋಗುತ್ತದೆ. ಕೆಲಸ ಬಿಟ್ಟವರ ಮೇಲ್ ಉಳಿಸಿಕೊಳ್ಳಬೇಕಾದರೆ ಲೈಸೆನ್ಸ್ ತೆಗೆಯುವ ಮೊದಲೇ ಅದನ್ನು ಶೇರ್ಡ್ ಮೇಲ್‌ಬಾಕ್ಸ್ ಆಗಿ ಬದಲಿಸಿ, ಆಮೇಲೆ ಆ ಲೈಸೆನ್ಸನ್ನು ಹೊಸಬರಿಗೆ ಕೊಡಿ. ಕೆಳದರ್ಜೆಗೆ ಇಳಿಸುವವರ ಮೇಲ್‌ಬಾಕ್ಸ್ ಎಷ್ಟು ತುಂಬಿದೆ ಎಂದು ಮುಂಚೆಯೇ ನೋಡಿ. ಎಫ್3 ಎಂಬ ಅಗ್ಗದ ದರ್ಜೆಯಲ್ಲಿ ಮೇಲ್‌ಗೆ ಇರುವುದು 2 ಜಿಬಿ ಮಾತ್ರ. ಹತ್ತು ವರ್ಷದ ಸ್ಕ್ಯಾನ್ ಪ್ರತಿಗಳನ್ನು ಇಟ್ಟುಕೊಂಡವರು ಅದರಲ್ಲಿ ಹಿಡಿಸುವುದಿಲ್ಲ. ಡೆಸ್ಕ್‌ಟಾಪ್ ವರ್ಡ್ ಇದ್ದವರನ್ನು ಬೇಸಿಕ್‌ಗೆ ಇಳಿಸಿದರೆ ಯಂತ್ರದಲ್ಲಿರುವ ವರ್ಡ್ ಕೆಲವೇ ದಿನದಲ್ಲಿ ಓದಲು, ಪ್ರಿಂಟ್ ತೆಗೆಯಲು ಮಾತ್ರ ಬಿಡುತ್ತದೆ. ಅವತ್ತೇ ಅದನ್ನು ತೆಗೆದು, ಬ್ರೌಸರಿನ ಗುರುತನ್ನು ಡೆಸ್ಕ್‌ಟಾಪಿನಲ್ಲಿ ಇಟ್ಟುಕೊಟ್ಟು, ಹತ್ತು ನಿಮಿಷ ಪಕ್ಕದಲ್ಲಿ ಕೂತು ತೋರಿಸಿ.

"ಅವಳಿಗೆ ಅದು, ನನಗೆ ಇದು?" ಎಂಬ ಮಾತು ಬಂದೇ ಬರುತ್ತದೆ. ಯಾವ ಕೆಲಸಕ್ಕೆ ಯಾವ ದರ್ಜೆ ಎಂದು ಅರ್ಧ ಪುಟ ಬರೆದು ಎಲ್ಲರಿಗೂ ಕಳಿಸಿ. ಮೇಲ್ದರ್ಜೆ ಬೇಕೆನಿಸಿದವರು ಯಾವ ಕೆಲಸ ನಿಂತಿತು ಎಂದು ಒಂದು ಸಾಲು ಬರೆದರೆ ಸಾಕು, ಮರುದಿನ ಕೊಡಿ. ನಮ್ಮಲ್ಲಿ ಮೊದಲ ತಿಂಗಳು ಹಾಗೆ ಬರೆದವರು ಇಬ್ಬರೇ. ಒಬ್ಬರದ್ದು ಮ್ಯಾಕ್ರೊ ಕಡತ, ನಮ್ಮ ಕಣ್ಣು ತಪ್ಪಿತ್ತು. ಇನ್ನೊಬ್ಬರಿಗೆ ಬೇಕಾಗಿದ್ದದ್ದು ದೊಡ್ಡ ಮಾನಿಟರ್.

ಪಟ್ಟಿಯನ್ನು ವರ್ಷಕ್ಕೆ ಎರಡು ಸಲ ತೆರೆಯಿರಿ: ಮಳೆ ಹಿಡಿಯುವ ಮೊದಲು ಮೇ ತಿಂಗಳಲ್ಲಿ, ಕೊಯ್ಲು ಶುರುವಾಗುವ ಮೊದಲು ಅಕ್ಟೋಬರಿನಲ್ಲಿ. ಮೇ ತಿಂಗಳಲ್ಲಿ ನೆಟ್ ನಂಬಲಾಗದ ಶಾಖೆಗಳನ್ನು ನೋಡಿ, ಅಕ್ಟೋಬರಿನಲ್ಲಿ ಸೀಸನ್ನಿನ ಜನರನ್ನು. ಮಾಲಕರು ಇಂದಿಗೂ ಕೆಳದರ್ಜೆಯಲ್ಲೇ ಇದ್ದಾರೆ. ಫೋನಿನಲ್ಲಿ ಅಕ್ಷರ ಸ್ವಲ್ಪ ದೊಡ್ಡದು ಮಾಡಿಕೊಡು ಎಂದು ಒಮ್ಮೆ ಕೇಳಿದ್ದರು, ಮಾಡಿಕೊಟ್ಟೆ.